ಎಳೆದಷ್ಟೂ ಉಳಿಯುವ ಆಕೃತಿ

ಮನಸ್ಸಿಗೆ ಬಂದ ಹಾಗೆ ಒಂದು ಚತುರ್ಭುಜ ಬರೆಯಿರಿ. ನಾಲ್ಕೂ ಬಾಹುಗಳ ಮಧ್ಯಬಿಂದು ಗುರುತಿಸಿ, ಅವನ್ನು ಸಾಲಾಗಿ ಸೇರಿಸಿ. ಒಳಗೆ ಸಿಗುವುದು ಸಮಾಂತರ ಚತುರ್ಭುಜ, ಅಂದರೆ ಎದುರು ಬಾಹುಗಳು ಒಂದಕ್ಕೊಂದು ಸಮಾಂತರವಾಗಿರುವ ಆಕೃತಿ. ಹೊರಗಿನ ಆಕೃತಿ ಎಷ್ಟೇ ಸೊಟ್ಟಗಿದ್ದರೂ ಇದು ತಪ್ಪುವುದಿಲ್ಲ. ಫ್ರಾನ್ಸಿನ ಗಣಿತಜ್ಞ ಪಿಯರ್ ವರಿನ್ಯೋನ್ ಹೆಸರಿನ ಈ ಪ್ರಮೇಯ ಅಚ್ಚಾಗಿದ್ದು 1731ರಲ್ಲಿ, ಅವರು ತೀರಿಕೊಂಡ ಮೇಲೆ.

ಸ್ಕೇಲು, ಪೆನ್ಸಿಲ್ಲು ಹಿಡಿದು ಇಂಥ ಚಿತ್ರ ಎರಡು ಮೂರು ಬರೆಯುವಷ್ಟರಲ್ಲಿ ಪಿರಿಯಡ್ ಮುಗಿಯುತ್ತದೆ. ಅದಕ್ಕೇ ಬೋರ್ಡಿನ ಮೇಲೆ ಒಂದೇ ಚಿತ್ರ ಬರೆದು, ಪ್ರಮೇಯ ಹೇಳಿ, ಸಾಧನೆ ಬರೆಸುವುದು ರೂಢಿಯಾಯಿತು. ಮಕ್ಕಳಿಗೆ ಅನುಮಾನ ಹುಟ್ಟುವ ಮೊದಲೇ ಉತ್ತರ ಬಂದುಬಿಡುತ್ತಿತ್ತು.

ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಇಂಥ ಚಿತ್ರಗಳನ್ನು ಪರದೆಯ ಮೇಲೆ ಬರೆಯುವ ಜಿಯೋಜಿಬ್ರಾ ತಂತ್ರಾಂಶ ಶುರು ಮಾಡಿದರು. ವಿದ್ಯಾರ್ಥಿಗಳು ಇದನ್ನು ಕಾಸು ಕೊಡದೆ ಬಳಸಬಹುದು, ಮೊಬೈಲಿನಲ್ಲೂ ನಡೆಯುತ್ತದೆ. ಪಕ್ಕದ ಕೇರಳದ ಶಾಲೆಗಳಲ್ಲಿ ಇದು ಪಾಠದ ಭಾಗವೇ ಆಗಿದೆ. ಇದರಲ್ಲಿ ಬರೆದ ಚತುರ್ಭುಜದ ಒಂದು ಮೂಲೆಯನ್ನು ಬೆರಳಿನಿಂದ ಎಳೆಯಬಹುದು. ಎಳೆದಂತೆಲ್ಲ ಮಧ್ಯಬಿಂದುಗಳೂ ಜೊತೆಗೇ ಸರಿಯುತ್ತವೆ. ಮೂಲೆಯನ್ನು ಒಳಕ್ಕೆ ತಳ್ಳಿ ಆಕೃತಿಯನ್ನು ಬಾಣದ ತುದಿಯಂತೆ ಮಾಡಿದರೂ ಒಳಗಿನದು ಸಮಾಂತರ ಚತುರ್ಭುಜವೇ. ಆಗ ಮಗು ತಾನಾಗಿಯೇ ಕೇಳುತ್ತದೆ: ಯಾಕೆ ಹೀಗೆ?

ಈ ಪ್ರಶ್ನೆ ಹುಟ್ಟುವುದೇ ದೊಡ್ಡ ಬದಲಾವಣೆ ಅಂತ ನನಗೆ ಅನ್ನಿಸುತ್ತದೆ. ಆದರೆ ಉತ್ತರ ಪರದೆಯ ಮೇಲೆ ಸಿಗುವುದಿಲ್ಲ. ಸಾವಿರ ಸಲ ಎಳೆದು ನೋಡಿದರೂ ಸಾವಿರ ಉದಾಹರಣೆ ಸಿಕ್ಕ ಹಾಗಾಯಿತು, ಅಷ್ಟೇ. ಪರದೆಯ ಅಂಕಿಯನ್ನು ಪೂರ್ತಿ ನಂಬುವ ಹಾಗೂ ಇಲ್ಲ. ಎರಡು ದಶಮಾಂಶ ಸ್ಥಾನ ಮಾತ್ರ ತೋರಿಸುವಾಗ 89.997 ಡಿಗ್ರಿ ಕೂಡ 90 ಎಂದೇ ಕಾಣುತ್ತದೆ.

ಕಾರಣ ಬೇಕಿದ್ದರೆ ಒಂದು ಕರ್ಣ, ಅಂದರೆ ಎದುರು ಮೂಲೆಗಳನ್ನು ಸೇರಿಸುವ ಗೆರೆ ಎಳೆಯಬೇಕು. ಚತುರ್ಭುಜ ಎರಡು ತ್ರಿಭುಜವಾಗುತ್ತದೆ. ತ್ರಿಭುಜದ ಎರಡು ಬಾಹುಗಳ ಮಧ್ಯಬಿಂದು ಸೇರಿಸುವ ಗೆರೆ ಮೂರನೆಯ ಬಾಹುವಿಗೆ ಸಮಾಂತರ, ಅದರ ಅರ್ಧದಷ್ಟು ಉದ್ದ. ಒಂಬತ್ತನೇ ತರಗತಿಯ ಪಾಠ ಇದು. ಇಲ್ಲಿ ಎರಡೂ ತ್ರಿಭುಜಗಳಿಗೆ ಆ ಮೂರನೆಯ ಬಾಹು ನಾವು ಎಳೆದ ಕರ್ಣವೇ. ಹಾಗಾಗಿ ಒಳಗಿನ ಎದುರು ಗೆರೆಗಳೆರಡೂ ಅದಕ್ಕೆ ಸಮಾಂತರ, ಉದ್ದವೂ ಸಮ. ಸಾಕಲ್ವಾ?

ಲೆಕ್ಕದ ಫೋಟೊ ತೆಗೆದರೆ ಹಂತ ಹಂತವಾಗಿ ಉತ್ತರ ಕೊಡುವ ಆ್ಯಪ್‌ಗಳೂ ಈಗ ಜಾಸ್ತಿ. ಮಾಡಿದ ಲೆಕ್ಕವನ್ನು ತಾಳೆ ನೋಡಲು ಅವು ಒಳ್ಳೆಯವು. ಮೊದಲೇ ತೆರೆದರೆ ಕರ್ಣ ಎಳೆದು ನೋಡೋಣ ಎಂಬ ಯೋಚನೆಗೆ ಸಮಯವೇ ಸಿಗುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅವರ ಕೈಗೆ ಎಳೆಯುವ ಚಿತ್ರವನ್ನೇ ಮೊದಲು ಕೊಡಿ.

ಕರ್ಣದ ಗುಟ್ಟು ತಿಳಿದವರಿಗೆ ಇನ್ನೂ ಕೆಲಸ ಇದೆ. ಒಳಗಿನ ಆಕೃತಿ ಆಯತ ಆಗಬೇಕಾದರೆ ಹೊರಗಿನ ಕರ್ಣಗಳು ಒಂದಕ್ಕೊಂದು ಲಂಬವಾಗಿರಬೇಕು. ನಾಲ್ಕೂ ಬಾಹು ಸಮ ಇರುವ ವಜ್ರಾಕೃತಿ ಬೇಕಾದರೆ ಕರ್ಣಗಳ ಉದ್ದ ಸಮ ಇರಬೇಕು. ಚೌಕಕ್ಕೆ ಎರಡೂ ಬೇಕು. ಆದರೆ ಹೊರಗಿನದು ಚೌಕವೇ ಆಗಿರಬೇಕೆಂದಿಲ್ಲ. ಅಂಥದ್ದೊಂದನ್ನು ಎಳೆದು ಹುಡುಕಿ ನೋಡಿ.