ಕ್ಯಾಪೋ ಸಿಮೆಂಟೋ? ಮೊದಲು ಹಲ್ಲು ಎಷ್ಟು ಉಳಿದಿದೆ ನೋಡೋಣ

ಕ್ಲಿನಿಕ್ಕಿಗೆ ಬರೋರಲ್ಲಿ ಸುಮಾರು ಜನ ಬಾಯಿ ತೆರೆಯೋಕೆ ಮುಂಚೆನೇ ಕೇಳೋದು, ಡಾಕ್ಟ್ರೇ ಯಾವ ಕ್ಯಾಪ್ ಒಳ್ಳೇದು, ಜಿರ್ಕೋನಿಯಾನಾ ಮಾಮೂಲಿದಾ, ಎಷ್ಟಾಗುತ್ತೆ ಅಂತ. (ಜಿರ್ಕೋನಿಯಾ ಅಂದ್ರೆ ಲೋಹವಿಲ್ಲದ ಬಿಳಿ ಗಟ್ಟಿ ಪಿಂಗಾಣಿ.) ದುಡ್ಡಿನ ವಿಷಯ, ಕೇಳ್ಲೇಬೇಕು. ಆದ್ರೆ ಆ ಹಲ್ಲಿಗೆ ಕ್ಯಾಪ್ ಬೇಕಾ ಇಲ್ವಾ ಅನ್ನೋದೇ ಆಗ ಗೊತ್ತಿರಲ್ಲ. ಹುಳುಕೆಲ್ಲ ತೆಗೆದ ಮೇಲೆ ಗಟ್ಟಿ ಗೋಡೆ ಎಷ್ಟು ಉಳೀತು, ಎಷ್ಟು ದಪ್ಪ ಇದೆ, ವಸಡಿನ ಮೇಲೆ ಎಷ್ಟು ಎತ್ತರ ಇದೆ ಇದನ್ನ ನೋಡಿದ ಮೇಲೆನೇ ಏನು ಹಾಕೋದು ಅನ್ನೋ ಮಾತು.

ಸಣ್ಣ ತೂತಾದ್ರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಸಿಮೆಂಟ್ ಸಾಕು. ಅದನ್ನ ಸುಮಾರು 2 ಮಿಲಿಮೀಟರ್ ಪದರ ಪದರವಾಗಿ ಹಾಕಿ ನೀಲಿ ಲೈಟಲ್ಲಿ ಗಟ್ಟಿ ಮಾಡ್ತೀವಿ, ಆ ಹೊತ್ತಲ್ಲಿ ಎಂಜಲು ತಾಗಿದ್ರೆ ಸರಿಯಾಗಿ ಅಂಟಲ್ಲ, ಅದಕ್ಕೇ ಹಲ್ಲಿನ ಸುತ್ತ ರಬ್ಬರ್ ಶೀಟ್ ಹಾಕೋದು, ಉಸಿರು ಕಟ್ಟಿದ ಹಾಗಾಗುತ್ತೆ ಅಂತ ಬೇಡ ಅನ್ಬೇಡಿ. ವಸಡು ಕೆಳಗಿಳಿದು ಬೇರಿನ ಹತ್ರ ಹುಳುಕಾದ ವಯಸ್ಸಾದವರಿಗೆ ಆ ಜಾಗ ಒಣಗಿಸಿಡೋದೇ ಕಷ್ಟ, ಅಲ್ಲಿ ನಾನು ಗ್ಲಾಸ್ ಅಯಾನಮರ್ ಸಿಮೆಂಟನ್ನೇ ಹಾಕೋದು. ಅದು ಹಲ್ಲಿಗೆ ತಾನಾಗೇ ಅಂಟುತ್ತೆ, ಫ್ಲೋರೈಡ್ ಬಿಡುತ್ತೆ, ಆದ್ರೆ ಜಗಿಯೋ ಭಾಗದಲ್ಲಿ ಬೇಗ ಸವೆಯುತ್ತೆ. ಇನ್ನು ಹಳೇ ಬೆಳ್ಳಿ ಸಿಮೆಂಟ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸ ಅನ್ನೋದು ನಿಜ, ಹಾಗಂತ ಬಿರುಕಿಲ್ಲದೆ ಗಟ್ಟಿಯಾಗಿ ಕೂತಿರೋದನ್ನ ಬರೀ ಭಯಕ್ಕೆ ಕೆರೆಸ್ಬೇಡಿ, ಕೆರೆಯುವಾಗ ಅದರ ಜೊತೆ ಒಳ್ಳೇ ಹಲ್ಲೂ ಸ್ವಲ್ಪ ಹೋಗುತ್ತೆ.

ಹಾಕಿ ಸೀಸನ್ನಲ್ಲಿ ಮುಂದಿನ ಹಲ್ಲಿನ ಮೂಲೆ ಮುರ್ಕೊಂಡು ಬರೋ ಹುಡುಗ್ರು ನಮ್ಮ ಕೊಡಗಲ್ಲಿ ಜಾಸ್ತಿ. ಅಪ್ಪ ಅಮ್ಮಂಗೆ ಗಾಬರಿ, ಕ್ಯಾಪ್ ಹಾಕಿಬಿಡಿ ಅಂತಾರೆ. ಬೇಡ. ಕ್ಯಾಪ್ ಕೂರಿಸೋಕೆ ಸುತ್ತಲೂ ಹಲ್ಲು ತೇಯಲೇಬೇಕು, ಹದಿನೈದರ ಹುಡುಗನ ಹಲ್ಲನ್ನ ಹಾಗೆ ತೇಯೋಕೆ ನಂಗಂತೂ ಮನಸ್ಸು ಬರಲ್ಲ. ಮುರಿದ ಚೂರು ಸಿಕ್ಕಿದ್ರೆ ಹಾಲಲ್ಲೋ ನೀರಲ್ಲೋ ಹಾಕ್ಕೊಂಡು ತನ್ನಿ, ಎಷ್ಟೋ ಸಲ ಅದನ್ನೇ ಅಂಟಿಸಬಹುದು.

ಕ್ಯಾಪ್ ನಿಜವಾಗಿ ಬೇಕಾಗೋದು ರೂಟ್ ಕೆನಾಲ್ ಆದ, ಅಂದ್ರೆ ಒಳಗಿನ ನರ ತೆಗೆದ ದವಡೆ ಹಲ್ಲಿಗೆ. ಹುಳುಕು ತಿಂದು, ಮೇಲಿಂದ ನಾವೂ ಕೊರೆದ ಹಲ್ಲಿನ ಗೋಡೆಗಳು ಸೂರು ತೆಗೆದ ಮನೆ ಗೋಡೆ ಥರ, ಹಿಡಿದಿಡೋಕೆ ಏನೂ ಇರಲ್ಲ. ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯೋರು) ಆಗಿರೋ ಒಬ್ರು ನವೆಂಬರಲ್ಲಿ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸ್ಕೊಂಡ್ರು, ನೋವು ಹೋಯ್ತು, ಕ್ಯಾಪ್ ಅಂದಿದ್ದಕ್ಕೆ ಕಾಫಿ ಕೊಯ್ಲು ಮುಗೀಲಿ ಸರ್ ಅಂದ್ರು. ಮಾರ್ಚಲ್ಲಿ ಬಂದಾಗ ತಾತ್ಕಾಲಿಕ ಸಿಮೆಂಟ್ ಅರ್ಧ ಕರಗಿತ್ತು, ಹಲ್ಲು ನಡುವೆ ಸೀಳಿ ಎರಡು ಹೋಳು ಬೇರೆ ಬೇರೆ ಅಲ್ಲಾಡ್ತಿತ್ತು, ಸೀಳು ಬೇರಿನ ತನಕ ಇಳಿದಿತ್ತು, ಕೀಳದೆ ದಾರಿ ಇರ್ಲಿಲ್ಲ. ನೋವಿಲ್ಲ ಅಂದ್ರೆ ಕೆಲಸ ಮುಗೀತು ಅಂತಲ್ಲ, ನರ ತೆಗೆದ ಮೇಲೆ ಹುಳುಕಿನ ನೋವೇ ಬರಲ್ಲ.

ಯಾವ ಕ್ಯಾಪ್ ಅಂದ್ರೆ, ಪಂದಿ ಕರಿ (ಹಂದಿ ಮಾಂಸ) ಎಲುಬು ಕಡಿಯೋರು, ದಿನವಿಡೀ ಎಲೆಅಡಿಕೆ ಹಾಕೋರು ಹಿಂದಿನ ಹಲ್ಲಿಗೆ ಪಿಂಗಾಣಿ ಹೊದಿಸಿದ ಲೋಹದ ಕ್ಯಾಪ್ ಹಾಕಿಸಿದ್ರೆ ಮೇಲಿನ ಪಿಂಗಾಣಿ ಚಕ್ಕೆ ಏಳೋ ಸಾಧ್ಯತೆ ಇದ್ದೇ ಇದೆ. ಅಲ್ಲಿ ಪೂರ್ತಿ ಜಿರ್ಕೋನಿಯಾ ಗಟ್ಟಿ. ಕಾಣದ ಕೊನೇ ದವಡೆ ಹಲ್ಲಿಗೆ ಬರೀ ಲೋಹದ ಕ್ಯಾಪ್ ಕೂಡ ಒಳ್ಳೇ ಆಯ್ಕೆ, ಖರ್ಚೂ ಕಮ್ಮಿ, ಹಲ್ಲು ತೇಯೋದೂ ಕಮ್ಮಿ, ಬಡವರ ಕ್ಯಾಪ್ ಅಂತ ಅದನ್ನ ತಳ್ಳಿಹಾಕೋದು ನಂಗೆ ಬೇಜಾರು. ಮುಂದಿನ ಹಲ್ಲಿಗೆ ಅಂದ ಬೇಕು ಅಂದ್ರೆ ಲಿಥಿಯಂ ಡೈಸಿಲಿಕೇಟ್ ಅನ್ನೋ ಗಾಜಿನಂಥ ಪಿಂಗಾಣಿ ಇದೆ, ಬೆಳಕು ಒಳಗೆ ಹಾಯೋದ್ರಿಂದ ಸಹಜವಾಗಿ ಕಾಣುತ್ತೆ.

ಆದ್ರೆ ಯಾವುದೇ ಕ್ಯಾಪಿಗೂ ವಸಡಿನ ಮೇಲೆ ಸುತ್ತ ಒಂದೂವರೆಯಿಂದ 2 ಮಿಲಿಮೀಟರ್ ಸ್ವಂತ ಹಲ್ಲು ಹಿಡಿತಕ್ಕೆ ಬೇಕು. ಅದಿಲ್ಲದೆ ಬೇರಿನ ಒಳಗೆ ಪೋಸ್ಟ್ ಅನ್ನೋ ಕಡ್ಡಿ ನೆಟ್ಟು ಕೂರಿಸಿದ್ರೆ ಕ್ಯಾಪ್ ಕಳಚಿ ಬರಬಹುದು, ಇಲ್ಲ ಹಲ್ಲಿನ ಬೇರು ಸೀಳಬಹುದು. ಅಂಥ ಕಡೆ ಕಿತ್ತು ಬೇರೆ ದಾರಿ ನೋಡೋಣ ಅಂತ ಡಾಕ್ಟ್ರು ಹೇಳಿದ್ರೆ ದುಡ್ಡಿಗೆ ಹೇಳ್ತಿದ್ದಾರೆ ಅಂದ್ಕೋಬೇಡಿ, ಎಕ್ಸ್‌ರೇ ತೋರ್ಸಿ ಅಂತ ಕೇಳಿ, ಉಳಿದಿರೋ ಗೋಡೆ ಎಲ್ಲಿದೆ ಅಂತ ಕನ್ನಡಿಯಲ್ಲಿ ನೀವೇ ನೋಡಿ.

ಸಿಮೆಂಟೋ ಕ್ಯಾಪೋ ಕೂರಿಸಿದ ದಿನ ಬಾಯಿ ಮರಗಟ್ಟಿರೋದ್ರಿಂದ ಕಚ್ಚೋದು ಸರಿ ಇದ್ಯಾ ಅಂತ ನಿಮಗೇ ತಿಳಿಯಲ್ಲ. ಮಾರನೇ ದಿನ ಊಟ ಮಾಡುವಾಗ ಅದೊಂದೇ ಹಲ್ಲು ಮೊದಲು ತಾಗ್ತಿದ್ರೆ ಅಭ್ಯಾಸ ಆಗುತ್ತೆ ಅಂತ ಕಾಯ್ಬೇಡಿ, ಫೋನ್ ಮಾಡಿ ಬನ್ನಿ, ಬಣ್ಣದ ಕಾಗದ ಕಚ್ಚಿಸಿ ಎತ್ತರ ಇಳಿಸೋದು ಐದು ನಿಮಿಷದ ಕೆಲಸ.