ಮನೇಲಿ ಕಾರು ಎತ್ತೋಕೆ ಯಾವ ಜಾಕಿ? ನೆಲದಿಂದ ಶುರು ಮಾಡೋ ಟಿಪ್ಪಣಿ

ಯಾವ ಜಾಕಿ ತಗೊಳ್ಳಿ ಅಂತ ಕೇಳೋರು ಮೊದ್ಲು ಎಷ್ಟು ಟನ್ ಅಂತಾರೆ, ಆಮೇಲೆ ರೇಟು ಅಂತಾರೆ, ನೆಲ ಎಂಥದ್ದು ಅಂತ ಯಾರೂ ಮಾತೆತ್ತಲ್ಲ. ನನ್ನ ಪ್ರಕಾರ ಲೆಕ್ಕ ಶುರು ಆಗ್ಬೇಕಾದ್ದೇ ಅಲ್ಲಿಂದ. ನಮ್ಮ ದಾವಣಗೆರೆ ಮನೆಗಳಲ್ಲಿ ಗಾಡಿ ನಿಲ್ಲೋ ಜಾಗ ಅಂದ್ರೆ ಪಾರ್ಕಿಂಗ್ ಟೈಲ್ಸ್ ಹಾಕಿದ ಪೋರ್ಟಿಕೊ, ಇಲ್ಲಾ ಚರಂಡಿ ಮೇಲಿನ ರ‍್ಯಾಂಪು, ಇಲ್ಲಾ ಡಾಂಬರು ರಸ್ತೆ ಪಕ್ಕ, ಇಲ್ಲಾ ಪಕ್ಕದ ಖಾಲಿ ಸೈಟು. ಪೋರ್ಟಿಕೊ ಕಣ್ಣಿಗೆ ಸಮ ಕಂಡ್ರೂ ಮಳೆನೀರು ಗೇಟಿನ ಕಡೆ ಹೋಗ್ಲಿ ಅಂತ ಮೇಸ್ತ್ರಿ ವಾಟ ಕೊಟ್ಟಿರ್ತಾನೆ, ಒಂದು ಚೊಂಬು ನೀರು ಸುರಿದು ನೋಡ್ರಿ, ಅದು ಯಾವ ಕಡೆ ಹರಿಯುತ್ತೋ ಗಾಡಿ ಜಾರೋದೂ ಆ ಕಡೇನೇ. ರ‍್ಯಾಂಪಿನ ಮೇಲಂತೂ ಎತ್ತಲೇಬೇಡ್ರಿ. ಚಿತ್ರದುರ್ಗದಲ್ಲಿ ಕೋಟೆ ಕಡೆ ಇಳಿಜಾರು ಓಣಿಗಳಲ್ಲಿ ಮನೆ ಇರೋರು ಗಾಡೀನ ಸಮ ಇರೋ ಜಾಗಕ್ಕೆ ತಗೊಂಡು ಹೋಗೋದೇ ಸರಿ, ಎಷ್ಟು ಒಳ್ಳೆ ಜಾಕಿ ಇದ್ರೂ ಇಳಿಜಾರಿಗೆ ಅದು ಉತ್ತರ ಅಲ್ಲ.

ಖಾಲಿ ಸೈಟಿನ ಎರೆಮಣ್ಣು ಬೇಸಿಗೇಲಿ ಗಟ್ಟಿ, ಒಂದು ಮಳೆ ಬಿದ್ರೆ ಉಬ್ಬಿ ಮೆತ್ತಗಾಗುತ್ತೆ. ಡಾಂಬರು ಉಲ್ಟಾ, ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ಅದೇ ಮೆತ್ತಗೆ. ಇಲ್ಲಿ ಒತ್ತಡದ ಲೆಕ್ಕ ಒಂದ್ಸಲ ಹಾಕಿ ನೋಡ್ರಿ: ಜಾಕಿ ಮೇಲೆ 350 ಕೆಜಿ ಭಾರ, ಅದರ ತಳ 10 ಸೆಂಮೀ ಉದ್ದ 7 ಸೆಂಮೀ ಅಗಲ, ಅಂದ್ರೆ 70 ಚದರ ಸೆಂಮೀ, ಪ್ರತಿ ಚದರ ಸೆಂಟಿಮೀಟರ್‌ಗೆ 5 ಕೆಜಿ ಬೀಳುತ್ತೆ. ಅದೇ ಜಾಕಿ ಕೆಳಗೆ 30ಕ್ಕೆ 30ರ ದಪ್ಪ ಪ್ಲೈವುಡ್ ತುಂಡು ಇಟ್ರೆ 900 ಚದರ ಸೆಂಮೀಗೆ ಹಂಚಿಹೋಗಿ 0.4 ಕೆಜಿಗಿಂತ ಕಮ್ಮಿ. ಕಾರ್ಪೆಂಟರ್ ಹತ್ರ ಉಳಿದಿರೋ 18 ಎಂಎಂ ಪ್ಲೈವುಡ್ ತುಂಡು ಕೇಳಿ ಎರಡನ್ನ ಡಿಕ್ಕಿಯಲ್ಲಿ ಇಟ್ಕೊಳ್ರಿ, ತೆಳ್ಳಗಿದ್ರೆ ನಡುವೆ ಬಗ್ಗಿ ಭಾರ ಹಂಚಲ್ಲ.

ಈಗ ಉರುಳೋ ವಿಷಯ. ಇಲ್ಲಿ ತುಂಬಾ ಜನಕ್ಕೆ ಗೊಂದಲ ಐತೆ, ಅದಕ್ಕೆ ನಿಧಾನ ಬರೀತೀನಿ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಇಂಜಿನ್ ಶಕ್ತಿ ಹೋಗೋದು ಮುಂದಿನ ಗಾಲಿಗೆ, ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಗಾಲಿ. ನೀವು ಮುಂದಿನ ಒಂದು ಗಾಲಿ ಎತ್ತಿದ್ರಿ ಅಂದ್ಕೊಳ್ರಿ, ಗೇರಲ್ಲಿ ಹಾಕಿದೀನಲ್ಲ ಅಂತ ಧೈರ್ಯವಾಗಿರ್ತೀರ, ಆದ್ರೆ ಡಿಫರೆನ್ಷಿಯಲ್ (ಎಡ ಬಲ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು ಜೋಡಣೆ) ಇರೋದ್ರಿಂದ ಗಾಳೀಲಿರೋ ಗಾಲಿ ಒಂದು ಕಡೆ ತಿರುಗಿ ನೆಲದ ಮೇಲಿರೋದು ಇನ್ನೊಂದು ಕಡೆ ತಿರುಗಬಹುದು, ಗೇರಿನ ಹಿಡಿತ ಲೆಕ್ಕಕ್ಕೇ ಇಲ್ಲ. ಆಗ ಗಾಡಿ ನಿಂತಿರೋದು ಹಿಂದಿನ ಹ್ಯಾಂಡ್ ಬ್ರೇಕ್ ಒಂದರ ಮೇಲೆ. ಆಟೋಮ್ಯಾಟಿಕ್ ಗಾಡಿಯ ಪಾರ್ಕ್ ಗೇರೂ ಹಿಂಗೇ. ಹಿಂದಿನ ಗಾಲಿ ಎತ್ತಿದಾಗ ಮುಂದಿನವು ಎರಡೂ ನೆಲದ ಮೇಲಿರೋದ್ರಿಂದ ಗೇರು ಹಿಡಿಯುತ್ತೆ, ಹ್ಯಾಂಡ್ ಬ್ರೇಕ್ ಮಾತ್ರ ಉಳಿದ ಒಂದೇ ಹಿಂದಿನ ಗಾಲೀಲಿ ಕೆಲಸ ಮಾಡುತ್ತೆ. ಅದಕ್ಕೇ ಎರಡನ್ನೂ ಹಾಕಿ, ಮೇಲೆ ಗಾಲಿಗೆ ಕಲ್ಲು ಕೊಡ್ರಿ ಅನ್ನೋದು. ಮುಂದೆ ಎತ್ತಿದ್ರೆ ಹಿಂದಿನ ಗಾಲಿಗಳಿಗೆ, ಹಿಂದೆ ಎತ್ತಿದ್ರೆ ಮುಂದಿನವಕ್ಕೆ, ಗಾಲಿಯ ಎರಡೂ ಬದಿಗೆ. ಉರುಟು ಕಲ್ಲು ಗಾಲಿ ಜೊತೆ ತಾನೂ ಉರುಳುತ್ತೆ, ಮೂಲೆ ಇರೋ ಸೈಜುಗಲ್ಲು ಅಥವಾ ಬೆಣೆ ಥರ ಕೊಯ್ದ ಮರದ ತುಂಡು ಬೇಕು.

ಭಾರ ಎಷ್ಟು ಅನ್ನೋದು ಸುಲಭ. ಸ್ವಿಫ್ಟ್ ಅಂಥ ಗಾಡಿ ಖಾಲಿ ಇದ್ದಾಗ ಸುಮಾರು 900 ಕೆಜಿ, ಇಂಜಿನ್ ಮುಂದಿರೋದ್ರಿಂದ ಅದರಲ್ಲಿ ಶೇಕಡಾ 60ರ ಹತ್ರ ಮುಂದೆ, ಒಂದು ಮುಂದಿನ ಗಾಲಿ ಮೇಲೆ 270 ಕೆಜಿ ಆಸುಪಾಸು. ಜಾಕಿ ಕೊಡೋದು ಗಾಲಿಗಿಂತ ಒಳಗಡೆ ಆದ್ದರಿಂದ ಅದಕ್ಕೆ ಇನ್ನೊಂಚೂರು ಜಾಸ್ತಿ, 300ರಿಂದ 400 ಅಂತ ಇಟ್ಕೊಳ್ರಿ. ಹಂಗಾಗಿ ಸಣ್ಣ ಕಾರಿಗೆ 2 ಟನ್ ಜಾಕಿ ಬೇಕಾದಷ್ಟಾಯ್ತು. 1,800 ಕೆಜಿ ತೂಗೋ ಇನ್ನೋವಾ ಕ್ರಿಸ್ಟಾ ಅಂಥದ್ದಕ್ಕೆ ನಾನು 3 ಟನ್ನೇ ಹೇಳ್ತೀನಿ.

ಗಾಡಿ ಜೊತೆ ಬರೋ, ಕತ್ತರಿ ಥರ ಮಡಚೋ ಸ್ಕ್ರೂ ಜಾಕಿನ ಎಲ್ಲರೂ ಬೈತಾರೆ, ನಾನು ಪೂರ್ತಿ ಬೈಯಲ್ಲ. ಅದರ ಕೈಗಳು ಮಲಗಿದಾಗ ಸ್ಕ್ರೂ ಎಳೆಯೋ ಬಲದಲ್ಲಿ ಸ್ವಲ್ಪ ಮಾತ್ರ ಮೇಲಕ್ಕೆ ಹೋಗೋದು, ಅದಕ್ಕೇ ಮೊದಲ ಸುತ್ತುಗಳು ಕಷ್ಟ, ಎದ್ದಂಗೆಲ್ಲ ಹಗುರ. ಸ್ಕ್ರೂ ತಾನಾಗೇ ಹಿಂದಕ್ಕೆ ತಿರುಗಲ್ಲ, ಆಯಿಲ್ ಸೋರೋ ಭಯ ಇಲ್ಲ. ಕೊರತೆ ಇರೋದು ತಳದಲ್ಲಿ, ಕಿರಿದು, ಪಕ್ಕಕ್ಕೆ ತಳ್ಳಿದ್ರೆ ಮಗುಚುತ್ತೆ. ದಾರೀಲಿ ಪಂಚರ್ ಆದ್ರೆ ಒಂದು ಗಾಲಿ ಬದಲಿಸೋಕೆ ಸಾಕು.

ಬಾಟಲಿ ಥರ ನೆಟ್ಟಗೆ ನಿಲ್ಲೋ ಬಾಟಲ್ ಜಾಕಿ, ಸಣ್ಣ ಗಾಲಿ ಮೇಲೆ ಉರುಳೋ ಟ್ರಾಲಿ ಜಾಕಿ ಎರಡೂ ಹೈಡ್ರಾಲಿಕ್, ಅಂದ್ರೆ ಆಯಿಲ್ ಒತ್ತಡದಿಂದ ಎತ್ತೋವು. 17ನೇ ಶತಮಾನದ ಪಾಸ್ಕಲ್ ನಿಯಮ: ಮುಚ್ಚಿದ ಆಯಿಲ್‌ನಲ್ಲಿ ಒಂದು ಕಡೆ ಕೊಟ್ಟ ಒತ್ತಡ ಎಲ್ಲಾ ಕಡೆ ಅಷ್ಟೇ ಹರಡುತ್ತೆ, ಪಿಸ್ಟನ್ ದೊಡ್ಡದಾದಷ್ಟು ಬಲ ಜಾಸ್ತಿ. 10 ಎಂಎಂ ವ್ಯಾಸದ ಸಣ್ಣ ಪಿಸ್ಟನ್, 30 ಎಂಎಂನ ದೊಡ್ಡದು ಅಂದ್ರೆ ವಿಸ್ತೀರ್ಣ 9 ಪಟ್ಟು, ಹಿಡಿ ಸನ್ನೆಕೋಲಿನ ಥರ 10 ಪಟ್ಟು ಕೊಟ್ರೆ ಒಟ್ಟು 90. ಕೈಯಿಂದ 5 ಕೆಜಿ ಒತ್ತಿದ್ರೆ ಘರ್ಷಣೆ ಬಿಟ್ಟು 450 ಕೆಜಿ ಏಳುತ್ತೆ, ಆದ್ರೆ ಕೈ 90 ಎಂಎಂ ಇಳಿದ್ರೆ ಗಾಡಿ ಏಳೋದು 1 ಎಂಎಂ.

ಬಾಟಲ್ ಜಾಕಿ ಅಗ್ಗ, ಆದ್ರೆ ಅದು ನಿಂತ ಎತ್ತರವೇ ಜಾಸ್ತಿ, ಪಂಚರ್ ಆಗಿ ಕುಸಿದ ಸಣ್ಣ ಕಾರಿನ ಕೆಳಗೆ ಹೋಗಲ್ಲ, ತಲೆನೂ ಸಣ್ಣದು. ಬೊಲೆರೊ ಅಂಥ ಗಾಡಿಗೆ ಮಾತ್ರ ಅದು ಚೆನ್ನಾಗಿ ಹೊಂದುತ್ತೆ, ಹಿಂದಿನ ಆಕ್ಸಲ್ ಕೆಳಗೇ ಕೊಡಬಹುದು. ಬಾಡಿ ಎತ್ತಿದ್ರೆ ಸಸ್ಪೆನ್ಷನ್ ಇಳಿಬಿದ್ದು ಗಾಲಿ ನೆಲ ಬಿಡೋಕೇ ತಡ ಆಗುತ್ತೆ, ಆಕ್ಸಲ್ ಎತ್ತಿದ್ರೆ ಕಮ್ಮಿ ಎತ್ತರದಲ್ಲೇ ಗಾಲಿ ಬಿಡ್ತದೆ.

ಪೋರ್ಟಿಕೊ ಇರೋರಿಗೆ ನನ್ನ ಆಯ್ಕೆ ಟ್ರಾಲಿ ಜಾಕಿ. ಇದನ್ನ ಕೊಳ್ಳೋವಾಗ ಟನ್ನಿಗಿಂತ ಕನಿಷ್ಠ ಎತ್ತರ, ಗರಿಷ್ಠ ಎತ್ತರ ನೋಡ್ರಿ. ಪಿ.ಬಿ. ರೋಡಿನ ಅಂಗಡಿಗೆ ಹೋಗೋ ಮುಂಚೆ ಟೇಪು ಹಿಡಿದು ನಿಮ್ಮ ಗಾಡಿಯ ಜಾಕಿ ಪಾಯಿಂಟ್ (ಜಾಕಿ ಕೊಡೋ ಜಾಗ) ನೆಲದಿಂದ ಎಷ್ಟು ಎತ್ತರ ಅಂತ ಅಳೀರಿ, ಟೈರಿನ ಗಾಳಿ ಪೂರ್ತಿ ಹೋದಾಗ ಅದು ಇನ್ನೂ ಇಳಿಯುತ್ತೆ ಅನ್ನೋದೂ ಲೆಕ್ಕದಲ್ಲಿರ್ಲಿ. ಇನ್ನೊಂದು, ಟ್ರಾಲಿಯ ತೋಳು ನೆಟ್ಟಗೆ ಏಳಲ್ಲ, ಕಮಾನಿನಂಗೆ ಏಳುತ್ತೆ, ಏಳ್ತಾ ಏಳ್ತಾ ಜಾಕಿ ತಾನೇ ಒಂಚೂರು ಉರುಳಿ ಗಾಡಿ ಕೆಳಗೆ ಸರಿದುಕೊಳ್ಳಬೇಕು. ಅದರ ಸಣ್ಣ ಗಾಲಿಗೆ ಮರಳೋ ಟೈಲ್ಸ್ ಸಂದೋ ಅಡ್ಡ ಬಂದ್ರೆ ಜಾಕಿ ಸರಿಯೋ ಬದ್ಲು ಗಾಡೀನೇ ಎಳೆಯುತ್ತೆ, ಇಲ್ಲಾ ತಲೆ ಪಾಯಿಂಟಿಂದ ಜಾರುತ್ತೆ. ಎತ್ತೋ ಮುಂಚೆ ಗುಡಿಸ್ರಿ. ಮಣ್ಣಿನ ಮೇಲೆ ಟ್ರಾಲಿ ಬೇಡ.

ಜಾಕಿ ಕೊಡೋ ಜಾಗ ಗಾಡಿ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತೆ, ಬಾಗಿಲ ಕೆಳಗಿನ ತಗಡಿನ ಅಂಚಲ್ಲಿ ಎರಡು ಕಚ್ಚು ಇರೋ ಜಾಗ. ಟ್ರಾಲಿಯ ಚಪ್ಪಟೆ ತಲೆಗೂ ಆ ಅಂಚಿಗೂ ನಡುವೆ ಸೀಳು ಇರೋ ರಬ್ಬರ್ ಪ್ಯಾಡ್ ಇಡ್ರಿ, ಇಲ್ಲಾಂದ್ರೆ ಅಂಚು ಮಡಚಿ ತುಕ್ಕು ಹಿಡಿಯುತ್ತೆ. ಆಯಿಲ್ ಚೇಂಬರಿಗೆ, ನಡುವಿನ ತಗಡಿಗೆ ಕೊಡಬೇಡ್ರಿ, ಎಲೆಕ್ಟ್ರಿಕ್ ಕಾರಾದ್ರೆ ಬ್ಯಾಟರಿ ಇರೋದೇ ಅಲ್ಲಿ.

ಯಾವ ಜಾಕಿ ಆದ್ರೂ ಎತ್ತೋಕೆ, ಹೊತ್ತು ನಿಲ್ಲೋಕೆ ಅಲ್ಲ. ಗಾಲಿ ತೆಗೆದು ಬ್ರೇಕ್ ಪ್ಯಾಡ್ ನೋಡ್ಬೇಕು, ಎರಡು ಗಾಲಿ ಒಟ್ಟಿಗೆ ಬಿಚ್ಚಬೇಕು ಅಂದ್ರೆ ಜಾಕ್ ಸ್ಟ್ಯಾಂಡ್, ಅಂದ್ರೆ ಎತ್ತಿದ ಗಾಡೀನ ಹೊತ್ತು ನಿಲ್ಲೋ ಕಬ್ಬಿಣದ ಕಾಲು, ಇರಲೇಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕು ಜೋಡಿಸಿ ಗಾಡಿ ನಿಲ್ಲಿಸೋರನ್ನ ನೋಡಿದಾಗ ನನಗೆ ಭಯ ಆಗುತ್ತೆ, ಕಬ್ಬಿಣ ಬಗ್ಗುತ್ತೆ, ಇಟ್ಟಿಗೆ ಸೂಚನೆ ಕೊಡದೆ ಒಡೆಯುತ್ತೆ. ಒಂದೇ ಗಾಲಿ ಬದಲಿಸ್ತಿದ್ರೆ ಸ್ಟೆಪ್ನಿನ ಗಾಡಿ ಕೆಳಗೆ ಅಡ್ಡ ಮಲಗಿಸಿಡ್ರಿ, ಜಾಕಿ ಜಾರಿದ್ರೂ ಗಾಡಿ ಅದರ ಮೇಲೆ ಕೂರುತ್ತೆ.

ಸ್ಟ್ಯಾಂಡ್ ಇಲ್ಲದೆ ಟೈರ್ ರೊಟೇಷನ್ (ಟೈರುಗಳು ಸಮ ಸವೀಲಿ ಅಂತ ಜಾಗ ಬದಲಿಸೋದು) ಮಾಡೋಕೂ ದಾರಿ ಐತೆ, ಸ್ಟೆಪ್ನಿ ಉಪಯೋಗಿಸಿ. ಮುಂದಿನ ಎಡ ಗಾಲಿ ಬಿಚ್ಚಿ ಅಲ್ಲಿ ಸ್ಟೆಪ್ನಿ ಹಾಕ್ರಿ. ಬಿಚ್ಚಿದ್ದನ್ನ ಹಿಂದಿನ ಎಡಕ್ಕೆ, ಅಲ್ಲಿಂದ ಬಂದದ್ದು ಮುಂದಿನ ಬಲಕ್ಕೆ, ಅಲ್ಲಿಂದ ಬಂದದ್ದು ಹಿಂದಿನ ಬಲಕ್ಕೆ, ಅಲ್ಲಿಂದ ಬಂದದ್ದು ಸ್ಟೆಪ್ನಿ ತೆಗೆದು ಮುಂದಿನ ಎಡಕ್ಕೆ. ಐದು ಸಲ ಎತ್ತಬೇಕು, ಆದ್ರೆ ಯಾವಾಗ್ಲೂ ಗಾಳೀಲಿರೋದು ಒಂದೇ ಗಾಲಿ. ಟೈರ್ ಪಕ್ಕದಲ್ಲಿ ತಿರುಗೋ ದಿಕ್ಕಿನ ಬಾಣದ ಗುರುತು ಇದ್ರೆ ಹಿಂಗೆ ಎಡಬಲ ಅದಲುಬದಲು ಮಾಡಂಗಿಲ್ಲ.

ನಟ್ಟು ಸಡಿಲ ಮಾಡೋದು ಗಾಲಿ ನೆಲದ ಮೇಲಿದ್ದಾಗಲೇ, ಅರ್ಧ ಸುತ್ತು ಸಾಕು. ಗಾಳೀಲಿದ್ದಾಗ ಪಾನಾಕ್ಕೆ ಜೋರು ಹಾಕಿದ್ರೆ ಆ ಬಲ ಜಾಕಿನ ಪಕ್ಕಕ್ಕೆ ನೂಕುತ್ತೆ. ಬಿಗಿ ಮಾಡೋವಾಗ ಮೇಲಿದ್ದಾಗ ಕೈಬಿಗಿ, ಇಳಿಸಿದ ಮೇಲೆ ಎದುರುಬದುರು ನಟ್ಟಿನ ಕ್ರಮದಲ್ಲಿ ಪೂರ್ತಿ ಬಿಗಿ. ಟಾರ್ಕ್ ರೆಂಚ್ (ಎಷ್ಟು ಬಿಗಿ ಆಯ್ತು ಅಂತ ಅಳೆಯೋ ಪಾನಾ) ಇದ್ರೆ ಪುಸ್ತಕದಲ್ಲಿ ಹೇಳಿದಷ್ಟು, ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಒಳಗಿರುತ್ತೆ. ಚಿತ್ರದುರ್ಗಕ್ಕೆ ಹೋಗಿ ಬರೋವಷ್ಟು ದೂರ ಓಡಿದ ಮೇಲೆ ಇನ್ನೊಂದ್ಸಲ ನಟ್ಟು ಪರೀಕ್ಷೆ ಮಾಡ್ರಿ.