ಶಾಸಕರ ಪ್ರಶ್ನೆ, ಅಧಿಕಾರಿಯ ಉತ್ತರ: ಬಸ್ಸನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಟಿಪ್ಪಣಿ

ಕರ್ನಾಟಕ ವಿಧಾನಸಭೆಯ ಪ್ರಶ್ನೋತ್ತರದ ಒಂದು ಹಾಳೆ ತೆಗೆದು ನೋಡಿ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು ಅ, ಆ, ಇ ಎಂದು ಒಡೆದಿರುತ್ತಾರೆ. 'ಗ್ರಾಮೀಣ ಭಾಗದಲ್ಲಿ ಬಸ್ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಎಂಬುದು ಮೊದಲನೆಯದು. 'ಬಂದಿದ್ದಲ್ಲಿ, ಕೈಗೊಂಡಿರುವ ಕ್ರಮಗಳೇನು?' ಎಂಬುದು ಎರಡನೆಯದು. ಈಗ ಉತ್ತರದ ಕಡೆ ಬನ್ನಿ. ಮೊದಲನೆಯದಕ್ಕೆ 'ಬಂದಿಲ್ಲ' ಎಂದು ಬರೆದರೆ, ಎರಡನೆಯದಕ್ಕೆ 'ಉದ್ಭವಿಸುವುದಿಲ್ಲ' ಎಂಬ ಒಂದೇ ಪದ ಸಾಕು. ಅಲ್ಲಿಗೆ ಮುಗಿಯಿತು.

ಪಠ್ಯಪುಸ್ತಕದಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಪ್ರಶ್ನೋತ್ತರ ವೇಳೆ ಎಂದರೇನು, ಚುಕ್ಕೆ ಗುರುತಿನ ಪ್ರಶ್ನೆ ಎಂದರೇನು ಎಂದು ಕಂಠಪಾಠ ಮಾಡುತ್ತೇವೆ. ಆದರೆ ಪ್ರಶ್ನೆಯನ್ನು ಕಟ್ಟುವ ರೀತಿಯಲ್ಲೇ ಉತ್ತರ ಸಿಗುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. ಈ ಟಿಪ್ಪಣಿ ಹೆಚ್ಚಾಗಿ ಅದರ ಬಗ್ಗೆಯೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸದನದಲ್ಲಿ ಶಾಸಕರು ಅಧಿಕಾರಿಯನ್ನು ಕೇಳುವುದಿಲ್ಲ, ಸಚಿವರನ್ನು ಕೇಳುತ್ತಾರೆ. ಸಂವಿಧಾನದ 164(2)ನೇ ವಿಧಿಯ ಪ್ರಕಾರ ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ. ಕೇಂದ್ರದಲ್ಲಿ ಇದೇ ಮಾತನ್ನು 75(3) ಹೇಳುತ್ತದೆ. ಉತ್ತರ ತಯಾರು ಮಾಡುವವರು ಅಧಿಕಾರಿಗಳೇ. ಅವರು ಅಧಿಕಾರಿಗಳ ಗ್ಯಾಲರಿಯಲ್ಲಿ ಕುಳಿತು ಬೇಕಾದಾಗ ಚೀಟಿ ಕಳಿಸುತ್ತಾರೆ. ಆದರೆ ಬಾಯಿ ಬಿಡಬೇಕಾದವರು ಸಚಿವರು.

ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲೇ ಬಾಯಿಮಾತಿನ ಉತ್ತರ, ಮೇಲೆ ಉಪಪ್ರಶ್ನೆಗೆ ಅವಕಾಶ. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನವು, 230 ಗುರುತಿಲ್ಲದವು. ಚುಕ್ಕೆ ಇದ್ದದ್ದೇ ದೊಡ್ಡದು ಅಂತ ಅನಿಸುತ್ತದೆ, ಅಲ್ವಾ? ನನಗೆ ಹಾಗನಿಸುವುದಿಲ್ಲ. ಅಂಕಿಅಂಶ ಬೇಕಿದ್ದರೆ ಚುಕ್ಕೆ ಇಲ್ಲದ ಪ್ರಶ್ನೆಯೇ ಒಳ್ಳೆಯದು. ಅದಕ್ಕೆ ಅನುಬಂಧ ಸಮೇತ ಉತ್ತರ ಬರುತ್ತದೆ, ದಾಖಲೆಯಲ್ಲಿ ಉಳಿಯುತ್ತದೆ. ಆ ಅಂಕಿಅಂಶ ಕೈಗೆ ಬಂದ ಮೇಲೆ ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಅದಕ್ಕೆ ಬಲ ಬರುತ್ತದೆ.

ಹಾಗಾದರೆ ಅಧಿಕಾರಿಯನ್ನು ಎದುರು ಕೂರಿಸಿಕೊಂಡು ಕೇಳುವುದು ಎಲ್ಲಿ? ಎರಡು ಕಡೆ.

ಒಂದು, ಸದನದ ಸಮಿತಿಗಳಲ್ಲಿ. ಸರ್ಕಾರದ ಖರ್ಚುವೆಚ್ಚ ಪರಿಶೀಲಿಸುವ ಲೆಕ್ಕಪತ್ರ ಸಮಿತಿ ನಮ್ಮ ದೇಶದಲ್ಲಿ 1921ರಿಂದ ಇದೆ. ಸಂಸತ್ತಿನಲ್ಲಿ 1967ರಿಂದ ಅದರ ಅಧ್ಯಕ್ಷತೆ ವಿರೋಧ ಪಕ್ಷದವರಿಗೆ ಹೋಗುವ ಸಂಪ್ರದಾಯವಿದೆ. ಸಚಿವರು ಅದರ ಸದಸ್ಯರಾಗುವಂತಿಲ್ಲ. ಇಲ್ಲಿ ಇಲಾಖೆಯ ಕಾರ್ಯದರ್ಶಿ ಬಂದು ಕೂರಬೇಕು, ಮಹಾಲೇಖಪಾಲರ (ಸಿಎಜಿ) ವರದಿ ಮುಂದಿಟ್ಟುಕೊಂಡು ಕೇಳಿದ್ದಕ್ಕೆ ಉತ್ತರಿಸಬೇಕು. ಬಸ್ ವಿಷಯಕ್ಕೆ ಇನ್ನೂ ಹತ್ತಿರದ್ದು ಸಾರ್ವಜನಿಕ ಉದ್ದಿಮೆಗಳ ಸಮಿತಿ. ಸಾರಿಗೆ ನಿಗಮಗಳು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ ಹುಟ್ಟಿದ ಸರ್ಕಾರಿ ಉದ್ದಿಮೆಗಳು. ಕರ್ನಾಟಕದಲ್ಲಿ ಅಂಥ ನಾಲ್ಕು ನಿಗಮಗಳಿವೆ: ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ವಾಯವ್ಯ ಕರ್ನಾಟಕ ಮತ್ತು ಕಲ್ಯಾಣ ಕರ್ನಾಟಕ.

ಇನ್ನೊಂದು, ಕೆಡಿಪಿ ಸಭೆ, ಅಂದರೆ ಇಲಾಖೆಗಳ ಅಭಿವೃದ್ಧಿ ಕೆಲಸದ ಪ್ರಗತಿ ಪರಿಶೀಲಿಸುವ ಸಭೆ. ತಾಲೂಕು ಮಟ್ಟದಲ್ಲಿ ಶಾಸಕರ ಅಧ್ಯಕ್ಷತೆ, ಜಿಲ್ಲಾ ಮಟ್ಟದಲ್ಲಿ ಉಸ್ತುವಾರಿ ಸಚಿವರದ್ದು. ಪತ್ರಿಕೆಗಳಲ್ಲಿ 'ಅಧಿಕಾರಿಗಳಿಗೆ ಶಾಸಕರ ತರಾಟೆ' ಎಂದು ಬರುವ ಸುದ್ದಿ ಬಹುಪಾಲು ಈ ಸಭೆಯದ್ದೇ. ತರಾಟೆಗೆ ತೆಗೆದುಕೊಂಡರೆ ಸುದ್ದಿಯಾಗುತ್ತದೆ, ನಿಜ. ಆದರೆ ಮುಂದಿನ ಸಭೆಯಲ್ಲಿ ಅದೇ ಹಳ್ಳಿಯ ಅದೇ ದೂರು ಮತ್ತೆ ಬಂದರೆ ಪ್ರಶ್ನೆ ಗುರಿ ಮುಟ್ಟಿಲ್ಲ ಎಂದರ್ಥ.

ಈಗ ಮುಖ್ಯ ವಿಷಯ. ಗುರಿ ಮುಟ್ಟುವ ಪ್ರಶ್ನೆ ಹೇಗಿರುತ್ತದೆ?

ನಾನು ಹಿಡಿದುಕೊಂಡ ಸೂತ್ರ ಇಷ್ಟೇ: ಅಧಿಕಾರಿಯ ಕಚೇರಿಯಲ್ಲಿ ಈಗಾಗಲೇ ಬರೆದಿಟ್ಟಿರುವ ಸಂಖ್ಯೆಯನ್ನು ಕೇಳಬೇಕು. ಅಭಿಪ್ರಾಯ ಕೇಳಿದರೆ ಅಭಿಪ್ರಾಯ ಬರುತ್ತದೆ. 'ಬಸ್ ಸರಿಯಾಗಿ ಬರುತ್ತಿದೆಯಾ?' ಎಂದರೆ 'ಬರುತ್ತಿದೆ ಸರ್' ಎನ್ನಬಹುದು. 'ಹೋದ ತಿಂಗಳು ಈ ಮಾರ್ಗದಲ್ಲಿ ನಿಗದಿಯಾಗಿದ್ದ ಟ್ರಿಪ್ ಎಷ್ಟು, ಓಡಿದ್ದು ಎಷ್ಟು, ರದ್ದಾದ ಟ್ರಿಪ್‌ಗಳು ಯಾವ ಹೊತ್ತಿನವು?' ಎಂದರೆ ಹಾಗೆ ಹೇಳಲಾಗುವುದಿಲ್ಲ. ಡಿಪೋದಲ್ಲಿ ಪ್ರತಿ ಶೆಡ್ಯೂಲಿಗೂ ದಾಖಲೆ ಇರುತ್ತದೆ. ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರದಲ್ಲೂ ಎಲ್ಲಿ ಎಷ್ಟು ಜನ ಹತ್ತಿದರು ಎಂಬುದು ಉಳಿದಿರುತ್ತದೆ.

ಕೊನೆಯ ತುಂಡನ್ನು ಗಮನಿಸಿ: 'ಯಾವ ಹೊತ್ತಿನವು?' ಇದು ಯಾಕೆ ಬೇಕು ಅನ್ನುವುದಕ್ಕೆ ಒಂದು ಲೆಕ್ಕ ಮಾಡೋಣ. ಒಂದು ಮಾರ್ಗದಲ್ಲಿ ದಿನಕ್ಕೆ 40 ಟ್ರಿಪ್ ಎಂದಿಟ್ಟುಕೊಳ್ಳಿ. 36 ಓಡಿದವು. ಶೇ 90. ವರದಿಯಲ್ಲಿ ನೋಡಲು ಚೆನ್ನಾಗಿದೆ. ಆದರೆ ತಪ್ಪಿದ 4 ಟ್ರಿಪ್‌ಗಳೂ ಬೆಳಿಗ್ಗೆ 7ರಿಂದ 9ರೊಳಗಿನವಾದರೆ? ಆ ಊರಿನ ಕಾಲೇಜು ಮಕ್ಕಳಿಗೆ ಅವತ್ತು ಬಸ್ಸೇ ಇಲ್ಲದಂತೆ. ಪಿಯುಸಿ ಓದುವಾಗ ಬೆಳಗಿನ ಒಂದೇ ಬಸ್ಸನ್ನು ನಂಬಿಕೊಂಡಿದ್ದವನು ನಾನು. ಅದು ಬರದ ದಿನ ಮೊದಲ ಎರಡು ಪೀರಿಯಡ್ ಹೋದಂತೆಯೇ. ಆ ಶೇ 90ರಲ್ಲಿ ನನ್ನಂಥವರು ಎಲ್ಲೂ ಕಾಣುವುದಿಲ್ಲ.

ಎರಡನೇ ಲೆಕ್ಕ, ಲೋಡ್ ಫ್ಯಾಕ್ಟರ್. ಇರುವ ಸೀಟುಗಳಲ್ಲಿ ಎಷ್ಟು ಪಾಲು ತುಂಬಿದೆ ಎಂಬ ಅಳತೆ ಇದು. 60 ಸೀಟಿನ ಬಸ್ಸಿನ ಬೆಳಗಿನ ಟ್ರಿಪ್‌ನಲ್ಲಿ 70 ಜನ, ಮಧ್ಯಾಹ್ನದ್ದರಲ್ಲಿ 14 ಜನ. ಸರಾಸರಿ 42, ಅಂದರೆ ಶೇ 70. ಅಧಿಕಾರಿ 'ಶೇ 70 ಲೋಡ್ ಇದೆ, ಹೆಚ್ಚುವರಿ ಬಸ್ ಬೇಕಿಲ್ಲ' ಎಂದರೆ ಅವರು ಸುಳ್ಳು ಹೇಳಿದಂತಾಗುವುದಿಲ್ಲ. ಆದರೆ ಬೆಳಿಗ್ಗೆ ಬಾಗಿಲಲ್ಲಿ ಜೋತಾಡಿದವರ ಕಷ್ಟ ಆ ಸಂಖ್ಯೆಯಲ್ಲಿ ಮುಚ್ಚಿಹೋಗುತ್ತದೆ. ಹಾಗಾಗಿ ಸರಾಸರಿ ಬೇಡ, ಟ್ರಿಪ್‌ವಾರು ಕೊಡಿ ಎಂದು ಕೇಳಬೇಕು.

ಮೂರನೆಯದು ಕಾಯುವ ಹೊತ್ತು. ಗಂಟೆಗೆ 4 ಬಸ್ ಎಂದರೆ 15 ನಿಮಿಷಕ್ಕೊಂದು. ಯಾವಾಗಲೋ ಬಂದು ನಿಲ್ಲುವ ಪ್ರಯಾಣಿಕ ಸರಾಸರಿ ಏಳೂವರೆ ನಿಮಿಷ ಕಾಯುತ್ತಾನೆ. ಅದೇ 4 ಬಸ್ ಅರ್ಧ ಗಂಟೆಗೊಮ್ಮೆ ಜೋಡಿಯಾಗಿ ಬಂದರೆ 15 ನಿಮಿಷ. ಬಸ್ ಸಂಖ್ಯೆ ಬದಲಾಗಿಲ್ಲ, ಡೀಸೆಲ್ ಬದಲಾಗಿಲ್ಲ, ಕಾಯುವುದು ಮಾತ್ರ ದುಪ್ಪಟ್ಟು. ಹೊಸ ಬಸ್ ಯಾವಾಗ ಬರುತ್ತದೆ ಎಂದು ಕೇಳುವ ಮೊದಲು ಇರುವ ಬಸ್ಸುಗಳ ನಡುವಿನ ಅಂತರ ಕೇಳಿದರೆ ಕೆಲವು ಸಲ ಸಮಸ್ಯೆ ಅಲ್ಲೇ ಸಿಕ್ಕಿಬಿಡುತ್ತದೆ.

ಅಧಿಕಾರಿಯ ಕಡೆಯಿಂದಲೂ ಒಂದು ಮಾತು ಹೇಳಬೇಕು. ಡಿಪೋ ಮ್ಯಾನೇಜರ್ ಕಿಲೋಮೀಟರಿಗೆ ಎಷ್ಟು ಖರ್ಚು, ಎಷ್ಟು ಆದಾಯ ಎಂಬ ಲೆಕ್ಕದಡಿ ಕೆಲಸ ಮಾಡುತ್ತಾರೆ. ನಷ್ಟದ ಮಾರ್ಗ ಕಡಿಮೆ ಮಾಡಿ ಎಂದು ಮೇಲಿನಿಂದ ಒತ್ತಡ, ಹಳ್ಳಿಗೆ ಬಸ್ ಬಿಡಿ ಎಂದು ಶಾಸಕರಿಂದ ಒತ್ತಡ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರ ಶೂನ್ಯ ಟಿಕೆಟ್ ಹಣವನ್ನು ಸರ್ಕಾರ ನಿಗಮಗಳಿಗೆ ತುಂಬಿಕೊಡಬೇಕು. ಆ ಹಣ ಹೊತ್ತಿಗೆ ಸರಿಯಾಗಿ ಬಂತೇ ಎಂಬ ಪ್ರಶ್ನೆಗೆ ಡಿಪೋದಲ್ಲಿ ಉತ್ತರವಿಲ್ಲ, ಅದನ್ನು ಸಚಿವರಿಗೇ ಕೇಳಬೇಕು. ಯಾವ ಪ್ರಶ್ನೆ ಯಾರಿಗೆ ಎಂದು ತಿಳಿಯದೆ ಕೆಳಗಿನವರನ್ನು ಗದರಿಸುವುದು ನ್ಯಾಯವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದೇ ಎಳೆ ಹಿಡಿದು ಮುಂದೆ ಹೋದರೆ ಯೋಜನೆಯ ಸಮಸ್ಯೆ ಸಿಗುತ್ತದೆ. ಬಸ್ ನಿಗಮದ್ದು. ರಸ್ತೆ ಲೋಕೋಪಯೋಗಿ ಇಲಾಖೆಯದ್ದೋ ಪಂಚಾಯತ್ ರಾಜ್‌ನದ್ದೋ. ಖಾಸಗಿ ಬಸ್ಸಿನ ಪರ್ಮಿಟ್ 1988ರ ಮೋಟಾರು ವಾಹನ ಕಾಯ್ದೆಯಡಿ ಸಾರಿಗೆ ಪ್ರಾಧಿಕಾರದ್ದು. 'ರಸ್ತೆ ಸರಿಯಿಲ್ಲ, ಬಸ್ ಬಿಡಲಾಗದು' ಎಂದು ಒಬ್ಬರು, 'ಅಂದಾಜು ಪಟ್ಟಿ ಕಳಿಸಿದ್ದೇವೆ' ಎಂದು ಇನ್ನೊಬ್ಬರು. ಇಬ್ಬರೂ ಒಂದೇ ಮೇಜಿನ ಮುಂದೆ ಕೂರುವ ಜಾಗ ಕೆಡಿಪಿ. ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿ, ಒಂದೇ ದಿನಾಂಕ ನಿಗದಿ ಮಾಡಿಸಿ, ನಡಾವಳಿಯಲ್ಲಿ ಬರೆಸಬೇಕು. ಬೆಂಗಳೂರಿನಲ್ಲಿ ಈ ಹರಿದು ಹಂಚಿದ ಜವಾಬ್ದಾರಿಯನ್ನು ಒಂದು ಕಡೆ ತರಲೆಂದೇ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಮಾಡಿದ್ದಾರೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದ ಮಾತು ಇಲ್ಲಿ ನೆನಪಿಡಿ: ರಸ್ತೆಯ ಜಾಗ ಹಂಚುವಾಗ ವಾಹನ ಮುಖ್ಯವಲ್ಲ, ಜನ ಮುಖ್ಯ. ಮೇಲ್ಸೇತುವೆಯ ಪ್ರಸ್ತಾವ ಬಂದಾಗ 'ಎಷ್ಟು ವಾಹನ ಹೋಗುತ್ತವೆ?' ಬದಲು 'ಗಂಟೆಗೆ ಎಷ್ಟು ಜನ ಹೋಗುತ್ತಾರೆ, ಅವರಲ್ಲಿ ಬಸ್ಸಿನವರೆಷ್ಟು?' ಎಂದು ಕೇಳಿದರೆ ಚರ್ಚೆಯ ದಿಕ್ಕೇ ಬೇರೆಯಾಗುತ್ತದೆ.

ಈಗ ಮೊದಲಿನ ಹಾಳೆಗೆ ವಾಪಸ್ ಬರೋಣ. 'ಗಮನಕ್ಕೆ ಬಂದಿದೆಯೇ' ಎಂಬ ಬಾಗಿಲನ್ನೇ ತೆಗೆದುಹಾಕಿ ಹೀಗೆ ಬರೆದು ನೋಡಿ. (ಅ) ಕಳೆದ ಮೂರು ತಿಂಗಳಲ್ಲಿ ಈ ಡಿಪೋದ ಪ್ರತಿ ಮಾರ್ಗದಲ್ಲಿ ನಿಗದಿಯಾದ ಮತ್ತು ಓಡಿದ ಟ್ರಿಪ್‌ಗಳೆಷ್ಟು? (ಆ) ಬೆಳಿಗ್ಗೆ 7ರಿಂದ 9ರೊಳಗೆ ರದ್ದಾದ ಟ್ರಿಪ್‌ಗಳೆಷ್ಟು, ಪ್ರತಿಯೊಂದಕ್ಕೂ ಕಾರಣವೇನು? (ಇ) ಡಿಪೋಗೆ ಮಂಜೂರಾದ ಚಾಲಕ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು? ಮೂರೂ ಬಿಡಿಬಿಡಿ. ಒಂದಕ್ಕೆ 'ಇಲ್ಲ' ಎಂದರೂ ಉಳಿದವಕ್ಕೆ 'ಉದ್ಭವಿಸುವುದಿಲ್ಲ' ಎನ್ನಲಾಗದು. ಜೊತೆಗೆ (ಇ) ಬಂದರೆ (ಆ)ದ ಕಾರಣ ನಿಜವೋ ಅಲ್ಲವೋ ತಾಳೆ ನೋಡಬಹುದು.

ಇಷ್ಟಾದರೂ 'ಪರಿಶೀಲಿಸಲಾಗುವುದು' ಎಂಬ ಉತ್ತರ ಬರಬಹುದು. ಅದನ್ನು ನೋಡಿ ಸುಮ್ನೆ ಬಿಡಬೇಡಿ. ಸಚಿವರು ಸದನದಲ್ಲಿ ಕೊಟ್ಟ ಇಂಥ ಮಾತನ್ನು ಬೆನ್ನು ಹತ್ತಲೆಂದೇ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಯಾವ ಯಾವ ಮಾತು ಭರವಸೆ ಎನಿಸುತ್ತದೆ ಎಂಬುದಕ್ಕೆ ಪಟ್ಟಿಯೇ ಇದೆ. 'ವಿಷಯ ಪರಿಶೀಲನೆಯಲ್ಲಿದೆ' ಎಂಬುದೂ ಅದರಲ್ಲಿ ಸೇರಿದೆ. ಅದನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು. ಇಲ್ಲವೇ ಯಾಕಾಗಲಿಲ್ಲ ಎಂದು ಹೇಳಿ, ಹೆಚ್ಚು ಕಾಲಾವಕಾಶ ಕೇಳಬೇಕು. ಹಳೆಯ ಉತ್ತರಗಳನ್ನು ಓದುವಾಗ ಇಂಥ ಸಾಲು ಕಂಡರೆ ಪಕ್ಕದಲ್ಲಿ ಪೆನ್ಸಿಲ್‌ನಿಂದ ದಿನಾಂಕ ಬರೆದಿಡಿ, ಮುಂದಿನ ಅಧಿವೇಶನದ ಉತ್ತರಗಳಲ್ಲಿ ಅದೇ ಮಾರ್ಗವನ್ನು ಮತ್ತೆ ಹುಡುಕಿ.